ನಗೆಗೀಡಾದ ಕಾರುಗಳು

ಮನುಷ್ಯರಲ್ಲಿರುವಂತೆ ಮೋಟಾರು ಗಾಡಿಗಳಲ್ಲಿಯೂ ವಿಲಕ್ಷಣ ಸ್ವಭಾವದವು ಉಂಟು. ಅವುಗಳನ್ನು ಕಂಡೊಡನೆ ಜನ ಮೊದಲು ನಗುತ್ತಾರೆ, ಆಮೇಲೆ ಬೆಲೆ ವಿಚಾರಿಸುತ್ತಾರೆ, ಕೊನೆಗೆ ನೆರೆಮನೆಯವರು ಕೊಂಡಂಥದೇ ಬೇರೊಂದನ್ನು ಕೊಂಡು ಮನೆಗೆ ಹೋಗುತ್ತಾರೆ. ಕನ್ನಡ ಪಾಠ ಹೇಳಿ ಹೊಟ್ಟೆ ಹೊರೆಯುವ ನನಗೆ ಈ ನಗೆಗೀಡಾದ ಗಾಡಿಗಳ ಮೇಲೆಯೇ ಮಮತೆ ಏಕೆಂದು ಮಿತ್ರರು ಕೇಳುವುದುಂಟು. ಅದಕ್ಕೆ ಕಾರಣ ನನ್ನ ತಾಯಿಯ ತವರಾದ ನಾಲತವಾಡದಲ್ಲಿದೆ.

ಮುದ್ದೇಬಿಹಾಳ ತಾಲೂಕಿನ ಆ ಊರಿನಲ್ಲಿ ನನ್ನ ಸೋದರಮಾವ ಶಾಲಾಮಾಸ್ತರರಾಗಿದ್ದರು. 1995ರ ಬೇಸಗೆಯಲ್ಲಿ ಅವರು ಬೆಂಗಳೂರಿಗೆ ಹೋದವರು ಯಾರೋ ಬಳಸಿ ಬಿಟ್ಟಿದ್ದ ಡಾಲ್ಫಿನ್ ಎಂಬ ಪುಟ್ಟ ಕಾರೊಂದನ್ನು ಕೊಂಡು ತಂದರು. ಎರಡೇ ಬಾಗಿಲು, ಮೈಯೆಲ್ಲ ಫೈಬರ್ ಗ್ಲಾಸಿನದು. ಬೆರಳ ಗೆಣ್ಣಿನಿಂದ ಬಡಿದರೆ ಖಾಲಿ ಗಡಿಗೆಯಂತೆ ಸದ್ದು ಮಾಡುತ್ತಿತ್ತು. ಹೀಗೆ ಬಡಿದು ನೋಡುವುದು ಊರ ಹುಡುಗರಿಗೆಲ್ಲ ಆಟವಾಯಿತು. ಸಾಹುಕಾರರ ಅಂಬಾಸಿಡರನ್ನೂ ಸರ್ಕಾರಿ ಜೀಪನ್ನೂ ಮಾತ್ರ ಕಂಡಿದ್ದ ಹಿರಿಯರೂ ಸುಮ್ಮನಿರಲಿಲ್ಲ.

"ಏನ್ರೀ ಮಾಸ್ತರ, ಇದು ಕಾರೇನ್ರೀ, ಪ್ಲಾಸ್ಟಿಕ್ ಬುಟ್ಟಿ ಏನ್ರೀ?" ಎಂದು ಸಂತೆಯ ದಿನ ಒಬ್ಬ ರೈತ ಕೇಳಿದಾಗ ನೆರೆದವರೆಲ್ಲ ಗೊಳ್ಳೆಂದು ನಕ್ಕರು. ಮಾವನವರೂ ನಕ್ಕರು, ಆದರೆ ಆ ದಿನ ಮನೆಗೆ ಬಂದು ಊಟವನ್ನು ಅರ್ಧಕ್ಕೇ ಬಿಟ್ಟೆದ್ದರು. ಏಳು ವರ್ಷದ ನನಗೆ ಅದು ಕಾಣದೆ ಹೋಗಲಿಲ್ಲ.

ಆ ಬುಟ್ಟಿಯ ವಂಶಾವಳಿ ಅಷ್ಟೇನೂ ಹೀನವಾದುದಲ್ಲವೆಂಬುದು ನನಗೆ ತಿಳಿದದ್ದು ದೊಡ್ಡವನಾದ ಮೇಲೆ. 1886ರಲ್ಲಿ ಜರ್ಮನಿಯ ಕಾರ್ಲ್ ಬೆಂಜ್ ಪೇಟೆಂಟು ಪಡೆದ ಮೋಟಾರು ಗಾಡಿಗೆ ಇದ್ದುದೇ ಮೂರು ಗಾಲಿ. ಎರಡನೆಯ ಮಹಾಯುದ್ಧ ಮುಗಿದು, ಯೂರೋಪಿನ ಜನ ಬಡತನದಲ್ಲಿದ್ದಾಗ, ಇಟಲಿಯಲ್ಲಿ ಇಸೆಟ್ಟಾ ಎಂಬ ಮೊಟ್ಟೆಯಾಕಾರದ ಕಾರು ಹುಟ್ಟಿತು. ಅದರ ಮೂತಿಯೇ ಬಾಗಿಲು. ಇಂಗ್ಲೆಂಡಿನ ರಿಲಯಂಟ್ ಕಂಪನಿ ಫೈಬರ್ ಗ್ಲಾಸಿನ ಮೈಯುಳ್ಳ ಮೂರು ಗಾಲಿಯ ಕಾರುಗಳಿಗೆ ಹೆಸರಾಗಿತ್ತು. ಕಿಟನ್ ಎಂಬ ನಾಲ್ಕು ಗಾಲಿಯ ಕಾರನ್ನೂ ಅದು ಮಾಡಿತು.

ಕಿಟನ್ನಿನ ಆ ನಕ್ಷೆಯೇ ನಮ್ಮ ಬೆಂಗಳೂರಿಗೆ ಬಂದು 1982ರಲ್ಲಿ ಡಾಲ್ಫಿನ್ ಎನಿಸಿತು. ಇದನ್ನು ಮಾಡಿದ ಸಿಪಾನಿ ಕಂಪನಿಯವರು ಅದಕ್ಕೆ ಮೊದಲೇ, 1970ರ ದಶಕದಲ್ಲಿ, ಬಾದಲ್ ಎಂಬ ಮೂರು ಗಾಲಿಯ ಕಾರನ್ನು ತಂದಿದ್ದರು. ದೇಶವೆಲ್ಲ ಅಂಬಾಸಿಡರು, ಫಿಯಟ್ಟುಗಳಿಗಾಗಿ ವರ್ಷಗಟ್ಟಲೆ ಸರದಿ ಕಾಯುತ್ತಿದ್ದ ಕಾಲದಲ್ಲಿ ಬೇರೊಂದು ಬಗೆಯ ಕಾರನ್ನು ಯೋಚಿಸಿದ್ದೇ ದೊಡ್ಡ ಸಾಹಸ. 1983ರ ಡಿಸೆಂಬರಿನಲ್ಲಿ ಮಾರುತಿ 800 ಬಂದಿತು. ಆ ಪ್ರವಾಹದೆದುರು ಬೆಂಗಳೂರಿನ ಈ ಪುಟ್ಟ ಡಾಲ್ಫಿನ್ ಬಹುಕಾಲ ಈಜಲಾಗಲಿಲ್ಲ.

ಇರಲಿ, ನಾಲತವಾಡಕ್ಕೆ ಮರಳೋಣ. ಅದೇ ವರ್ಷ ಉತ್ತರಿ ಮಳೆ ಹಿಡಿದಿದ್ದ ಒಂದು ರಾತ್ರಿ, ಬಾಣಂತನಕ್ಕೆಂದು ತವರಿಗೆ ಬಂದಿದ್ದ ಅವ್ವನಿಗೆ ಹೆರಿಗೆ ನೋವು ಮೊದಲಾಯಿತು. ದಾಯಿ ಬಂದು ನೋಡಿ, ಮುದ್ದೇಬಿಹಾಳಕ್ಕೆ ಒಯ್ಯದೆ ಗತಿಯಿಲ್ಲವೆಂದಳು. ಬಸ್ಸುಗಳು ನಿಂತುಹೋಗಿದ್ದವು. ಮಾವನವರು ಕಾರು ತೆಗೆದರು. ಹಿಂದಿನ ಸೀಟಿನಲ್ಲಿ ಅವ್ವ ಮತ್ತು ಅಜ್ಜಿ. ಅತ್ತು ಹಟ ಹಿಡಿದ ನಾನು ಮುಂದೆ.

ಊರು ದಾಟಿ ಸ್ವಲ್ಪ ದೂರ ಹೋಗುವಷ್ಟರಲ್ಲಿ ಹಳ್ಳದ ನೀರು ರಸ್ತೆಗೆ ಬಂದಿತ್ತು. ಬದಿಗೆ ತಿರುಗಿಸಿದ ಕಾರು ಎರೆಮಣ್ಣಿನಲ್ಲಿ ಹೂತು ನಿಂತಿತು. ನಮ್ಮ ಸೀಮೆಯ ಎರೆಯನ್ನು ಕಂಡವರಿಗೆ ಹೆಚ್ಚು ಹೇಳಬೇಕಾಗಿಲ್ಲ. ಮಳೆ ಬಿದ್ದರೆ ಅದು ಗಾಲಿಯನ್ನು ಹಿಡಿದ ಮೇಲೆ ಬಿಡುವ ಮಣ್ಣಲ್ಲ. ಅವ್ವನ ನರಳಾಟ, ಅಜ್ಜಿಯ ಬಾಯಲ್ಲಿ ಬಸವಣ್ಣನ ಹೆಸರು, ಮಳೆಯ ಸದ್ದು. ಮಾವನವರು ಕೆಳಗಿಳಿದು ಕೂಗಿದರು. ಹೊಲದ ಗುಡಿಸಲಿನಿಂದ ಕಂದೀಲು ಹಿಡಿದು ಐದಾರು ಮಂದಿ ಓಡಿ ಬಂದರು. ಮುಂದಿದ್ದವನು ಸಂತೆಯಲ್ಲಿ ನಗೆಯಾಡಿದ್ದ ಅದೇ ರೈತ!

ಅವ್ವ ಇಳಿಯಲು ಹೊರಟಾಗ ಅವನು ತಡೆದನು. "ಇಳೀಬ್ಯಾಡ್ರಿ ಅಕ್ಕಾರ, ಒಳಗಽ ಕೂಡ್ರಿ. ಬುಟ್ಟಿ ಹಗೂರ ಐತಿ, ನಾವು ಎತ್ತತೀವಿ."

ಎಲ್ಲರೂ ಸುತ್ತಲೂ ಕೈಹಚ್ಚಿ, ಒಂದೊಂದು ಮಗ್ಗುಲನ್ನಾಗಿ ಎತ್ತಿ ಎತ್ತಿ ಕಾರನ್ನು ಗಟ್ಟಿ ನೆಲಕ್ಕೆ ತಂದಿಟ್ಟರು. ಭಾರವಾದ ಕಬ್ಬಿಣದ ಗಾಡಿಯಾಗಿದ್ದರೆ ಎತ್ತುಗಳನ್ನು ಹುಡುಕಿ ತರಬೇಕಾಗಿತ್ತು. ಅಷ್ಟು ಹೊತ್ತು ನಮ್ಮಲ್ಲಿರಲಿಲ್ಲ. ಬೆಳಗಿನ ಜಾವ ಮುದ್ದೇಬಿಹಾಳದಲ್ಲಿ ನನ್ನ ತಂಗಿ ಹುಟ್ಟಿದಳು. ಯಾವ ಹಗುರತನಕ್ಕಾಗಿ ಊರು ನಕ್ಕಿತ್ತೋ ಆ ಹಗುರತನವೇ ಎರಡು ಜೀವಗಳನ್ನು ಉಳಿಸಿತ್ತು. ಊರವರು ಆಮೇಲೆಯೂ ಅದನ್ನು ಬುಟ್ಟಿ ಎಂದೇ ಕರೆದರು. ಆದರೆ ಕರೆಯುವ ದನಿ ಬೇರೆಯಾಗಿತ್ತು.

ಮುಂದೆ ಪರೀಕ್ಷೆಯೊಂದಕ್ಕಾಗಿ ಬೆಂಗಳೂರಿಗೆ ಹೋದಾಗ, ಸಿಗ್ನಲ್ಲಿನಲ್ಲಿ ಸದ್ದಿಲ್ಲದೆ ನಿಂತ ಆಟಿಕೆಯಂಥ ಕಾರೊಂದನ್ನು ನೋಡಿ ಜನ ನಗುತ್ತಿದ್ದರು. ಅದು ರೇವಾ. ಚೇತನ್ ಮೈನಿಯವರ ಮುಂದಾಳತ್ವದಲ್ಲಿ 2001ರಲ್ಲಿ ಬೆಂಗಳೂರಿನಿಂದ ಮಾರಾಟಕ್ಕೆ ಬಂದ ವಿದ್ಯುತ್ ಕಾರು. ಅದರಲ್ಲಿದ್ದುದು ಎಂಟು ಸೀಸದ ಬ್ಯಾಟರಿಗಳು; ಒಮ್ಮೆ ಚಾರ್ಜು ಮಾಡಿದರೆ ಸುಮಾರು 80 ಕಿಲೋಮೀಟರು ಓಟ. ಅದೇ ಕಾರು ಜೀ-ವಿಜ್ ಎಂಬ ಹೆಸರಿನಿಂದ ಲಂಡನ್ನಿಗೂ ಹೋಯಿತು. ಅಲ್ಲಿಯೂ ಜನ ನಕ್ಕರು. ಆದರೆ ನಗರದ ನಡುಭಾಗಕ್ಕೆ ತೆರಬೇಕಾದ ದಟ್ಟಣೆಯ ಸುಂಕ ಅದಕ್ಕಿರಲಿಲ್ಲವಾದ್ದರಿಂದ ಕೊಂಡವರೂ ನಕ್ಕರು. 2010ರಲ್ಲಿ ಆ ಸಂಸ್ಥೆ ಮಹೀಂದ್ರಾದವರ ಕೈಸೇರಿತು. ಇಂದು ದೊಡ್ಡ ದೊಡ್ಡ ಕಂಪನಿಗಳೆಲ್ಲ ವಿದ್ಯುತ್ ಕಾರುಗಳನ್ನು ಮಾರುತ್ತಿವೆ, ಯಾರೂ ನಗುವುದಿಲ್ಲ.

ಇಂಥ ಗಾಡಿಗಳಲ್ಲಿ ದೋಷವೇ ಇರಲಿಲ್ಲವೆಂದು ನಾನು ವಾದಿಸುವುದಿಲ್ಲ. ಮೊದಲು ನಡೆಯುವವನು ಎಡವುವುದು ಸಹಜ. ಅವನು ಎಡವಿದ ಜಾಗವನ್ನು ನೋಡಿಕೊಂಡೇ ಹಿಂದೆ ಬರುವವರು ಸುಖವಾಗಿ ನಡೆಯುತ್ತಾರೆಂಬುದನ್ನು ಮರೆಯಬಾರದು, ಅಷ್ಟೆ.

ಬಿಡಿಭಾಗಗಳು ದೊರೆಯದಾದಾಗ ಮಾವನವರು ಡಾಲ್ಫಿನ್ನನ್ನು ಗುಜರಿಗೆ ಕೊಟ್ಟರು. ಆ ದಿನವೂ ಅರ್ಧ ಊಟಕ್ಕೇ ಎದ್ದರು. ಕಳೆದ ದೀಪಾವಳಿಗೆ ನನ್ನ ತಂಗಿ ವಿದ್ಯುತ್ ಸ್ಕೂಟರನ್ನೇರಿ ಅವರ ಮನೆಯಂಗಳಕ್ಕೆ ಬಂದಳು. ಮುದುಕರು ಅದರ ಸುತ್ತ ಒಂದು ಪ್ರದಕ್ಷಿಣೆ ಹಾಕಿ, ಮೈಯನ್ನು ಗೆಣ್ಣಿನಿಂದ ಬಡಿದು ನೋಡಿದರು.

"ಇದೂ ಬುಟ್ಟಿನಽ ಐತಿ, ತಗೋ!" ಎಂದು ಮನಸಾರೆ ನಕ್ಕರು.