ಈ ಭಾನುವಾರ ಪೂಜೆ ಯಾವ ಊರಲ್ಲಿ?

ಜರ್ಮನಿಯ ಕಥೋಲಿಕ ಧರ್ಮಸಭೆಗೆ ದುಡ್ಡಿನ ಬರ ಇಲ್ಲ. ಭಕ್ತರು ಕಟ್ಟುವ ಆದಾಯ ತೆರಿಗೆಯ ಮೇಲೆ ಶೇ 8 ಅಥವಾ 9ರಷ್ಟು ಚರ್ಚ್ ತೆರಿಗೆಯನ್ನು ಸರ್ಕಾರವೇ ವಸೂಲು ಮಾಡಿ ಕೊಡುತ್ತದೆ. ವರ್ಷಕ್ಕೆ 600 ಕೋಟಿ ಯೂರೊಗೂ ಮಿಕ್ಕ ಮೊತ್ತ ಅದು. ಮಾಡು ಸೋರಿದರೆ ರಿಪೇರಿಯಾಗುತ್ತದೆ, ಆರ್ಗನ್ ನುಡಿಸುವವರಿಗೆ ಸಂಬಳ ಸಿಗುತ್ತದೆ. ಪೂಜೆ ಅರ್ಪಿಸುವವರಿಗೆ ಮಾತ್ರ ಬರ. 1962ರಲ್ಲಿ ಅಲ್ಲಿ 557 ಮಂದಿ ಗುರುದೀಕ್ಷೆ ಪಡೆದಿದ್ದರು. 2024ರಲ್ಲಿ 27 ಧರ್ಮಪ್ರಾಂತ್ಯಗಳೂ ಸೇರಿ ಕೊಟ್ಟದ್ದು 29 ಜನರನ್ನು.

ಹಾಗಂತ ಚರ್ಚಿಗೆ ಬೀಗ ಬೀಳುವುದಿಲ್ಲ. ಮೊದಲು ಬದಲಾಗುವುದು ಬಾಗಿಲಿಗೆ ಅಂಟಿಸಿದ ವೇಳಾಪಟ್ಟಿ. ನಾಲ್ಕೈದು ಊರುಗಳಿಗೆ ಒಬ್ಬರೇ ಗುರುಗಳಾದಾಗ ಒಂದೂರಿಗೆ ಶನಿವಾರ ಸಂಜೆಯ ಪೂಜೆ, ಇನ್ನೊಂದಕ್ಕೆ ಭಾನುವಾರ ಬೆಳಿಗ್ಗೆ, ಮೂರನೆಯದಕ್ಕೆ ಮುಂದಿನ ವಾರ. ಒಂದೇ ಭಾನುವಾರ ಎರಡು ಮೂರು ಪೂಜೆಗಳಲ್ಲಿ ತಮಗೆ ಒಗ್ಗಿದ್ದನ್ನು ಆರಿಸಿಕೊಳ್ಳುವ ಮಂಗಳೂರಿನ ಕಥೋಲಿಕರಿಗೆ ಇದು ವಿಚಿತ್ರವಾಗಿ ಕಂಡೀತು. ಕಾರು ಇದ್ದವರು ಪಕ್ಕದೂರಿಗೆ ಹೋಗಿ ಬರುತ್ತಾರೆ. ಕಾರು ಓಡಿಸುವುದನ್ನು ಬಿಟ್ಟ ಎಂಬತ್ತರ ಅಜ್ಜಿಗೆ ಭಾನುವಾರದ ಬಸ್ಸೂ ಅಪರೂಪ. ಅವಳು ಟೀವಿಯ ಪೂಜೆ ನೋಡುತ್ತಾಳೆ.

ಗುರುಗಳ ಈ ಕೊರತೆಯನ್ನು ಆಡಳಿತದ ಲೆಕ್ಕದಲ್ಲೇ ಬಗೆಹರಿಸಲು ಟ್ರಿಯರ್ ಧರ್ಮಪ್ರಾಂತ್ಯ ಹೊರಟಿತ್ತು. ಸುಮಾರು 900 ಧರ್ಮಕೇಂದ್ರಗಳನ್ನು 35ಕ್ಕೆ ಇಳಿಸುವ ಯೋಜನೆ. ಜನ ರೋಮಿಗೆ ದೂರು ಒಯ್ದರು. 2019ರ ಕೊನೆಗೆ ವ್ಯಾಟಿಕನ್ ಅದನ್ನು ತಡೆಹಿಡಿಯಿತು. ಜನ ಸಿಟ್ಟಾದದ್ದರಲ್ಲಿ ನನಗೆ ಆಶ್ಚರ್ಯವಿಲ್ಲ. ಅಪ್ಪನ ಹೆಸರು ಹಿಡಿದು ಮಾತಾಡಿಸುವ, ಯಾರ ಮನೆಯಲ್ಲಿ ಯಾರು ಹಾಸಿಗೆ ಹಿಡಿದಿದ್ದಾರೆಂದು ಬಲ್ಲ ಗುರುಗಳು ಬೇಕು ಅವರಿಗೆ. ಇಪ್ಪತ್ತೈದು ಊರುಗಳ ಹೊಣೆ ಹೊತ್ತವರು ಎಷ್ಟೇ ಒಳ್ಳೆಯವರಾದರೂ ಕಡತ ನೋಡುವ ಅಧಿಕಾರಿಯೇ ಆಗಿಬಿಡುತ್ತಾರೆ.

ಉಳಿದ ಕೆಲಸಗಳನ್ನು ಯಾರು ನೋಡಿಕೊಳ್ಳುತ್ತಾರೆ? ಹೆಚ್ಚಾಗಿ ಹೆಂಗಸರು. ದೈವಶಾಸ್ತ್ರ ಓದಿ ಸಂಬಳಕ್ಕೆ ಸೇರಿದ, ಗುರುದೀಕ್ಷೆ ಇಲ್ಲದ ಸಿಬ್ಬಂದಿ ಜರ್ಮನಿಯಲ್ಲಿ ಬಹಳ ಕಾಲದಿಂದ ಇದ್ದಾರೆ. ಮಕ್ಕಳನ್ನು ಮೊದಲ ಪರಮಪ್ರಸಾದಕ್ಕೆ ಅಣಿಗೊಳಿಸುತ್ತಾರೆ, ಸಾವಿನ ಮನೆಗೆ ಹೋಗುತ್ತಾರೆ, ಅಂತ್ಯಕ್ರಿಯೆಯ ಪ್ರಾರ್ಥನೆ ನಡೆಸುತ್ತಾರೆ. 2022ರ ಮಾರ್ಚಿನಲ್ಲಿ ಎಸ್ಸೆನ್ ಬಿಷಪ್ ಫ್ರಾನ್ಸ್ ಯೋಸೆಫ್ ಓವರ್‌ಬೆಕ್ ಅವರು ಇಂಥ 18 ಮಂದಿಗೆ ಜ್ಞಾನಸ್ನಾನ ಕೊಡುವ ಅಧಿಕಾರ ನೀಡಿದರು. ಅವರಲ್ಲಿ 17 ಮಂದಿ ಮಹಿಳೆಯರು. ಆದರೆ ಬಲಿಪೂಜೆ, ಪಾಪನಿವೇದನೆ, ರೋಗಿಗಳ ತೈಲಾಭ್ಯಂಗ ಈ ಮೂರಕ್ಕೂ ಗುರುಗಳೇ ಬೇಕು. ತಿಂಗಳುಗಟ್ಟಲೆ ರೋಗಿಯ ಪಕ್ಕದಲ್ಲಿ ಕೂತು ಕೈ ಹಿಡಿದಿದ್ದವಳು, ಕೊನೆಯ ಗಳಿಗೆಯಲ್ಲಿ ತೈಲ ಹಚ್ಚಲು ಆ ಮನೆಯನ್ನೇ ಕಾಣದ ಒಬ್ಬರಿಗೆ ಫೋನ್ ಮಾಡಬೇಕು. ಕೊರತೆಯ ನಿಜವಾದ ಚುರುಕು ಇರುವುದು ಇಲ್ಲಿ.

ಮದುವೆಯಾದವರಿಗೂ ದೀಕ್ಷೆ ಕೊಡಬಹುದಲ್ಲ ಎಂಬ ಮಾತು ಹೊಸದೇನಲ್ಲ. ಪೌರಸ್ತ್ಯ ಕಥೋಲಿಕ ಸಭೆಗಳಲ್ಲಿ ಹಲವು ಕಡೆ ಅದು ನಡೆದುಬಂದ ಪದ್ಧತಿಯೇ. ಅಮೆಜಾನ್ ಕಾಡಿನ ದೂರದ ಹಳ್ಳಿಗಳ ಸಲುವಾಗಿ 2019ರ ಬಿಷಪರ ಸಿನೊಡ್‌ನಲ್ಲಿ 128 ಮತಗಳು ಪರವಾಗಿ, 41 ವಿರುದ್ಧ ಬಿದ್ದವು. ಮರುವರ್ಷ ಫೆಬ್ರುವರಿಯಲ್ಲಿ ಹೊರಬಂದ ಪೋಪ್ ಫ್ರಾನ್ಸಿಸರ ಪತ್ರ ಆ ವಿಷಯವನ್ನು ಎತ್ತಲೇ ಇಲ್ಲ.

ಗುರುಗಳಷ್ಟೇ ಕಡಿಮೆಯಾಗಿದ್ದಾರೆ ಎಂದರೆ ಅದು ಅರ್ಧ ಸತ್ಯ. 2022ರ ಒಂದೇ ವರ್ಷದಲ್ಲಿ ಐದು ಲಕ್ಷಕ್ಕೂ ಹೆಚ್ಚು ಜರ್ಮನ್ನರು ಕಥೋಲಿಕ ಸಭೆ ತೊರೆದರು. ಉಳಿದವರಲ್ಲೂ ಭಾನುವಾರ ಪೂಜೆಗೆ ಬರುವವರು ನೂರಕ್ಕೆ ಆರೇಳು ಜನ. ಬೆಂಚುಗಳೇ ಖಾಲಿಯಿರುವಲ್ಲಿ ಸೆಮಿನರಿಗೆ ಹುಡುಗರು ಎಲ್ಲಿಂದ ಬರಬೇಕು?

ಸದ್ಯಕ್ಕೆ ಗುರುಗಳು ಹೊರಗಿನಿಂದ ಬರುತ್ತಿದ್ದಾರೆ. ಕೇರಳದವರು ಬಹಳ, ನಮ್ಮ ಕರಾವಳಿಯವರೂ ಇದ್ದಾರೆ. ಜರ್ಮನ್ ಕಲಿತರಷ್ಟೇ ಸಾಲದು, ಬವೇರಿಯಾದ ಮುದುಕರ ಆಡುಮಾತೂ ಕಿವಿಗೆ ಹತ್ತಬೇಕು. ಭಾರತದ ಡ್ರೈವಿಂಗ್ ಲೈಸೆನ್ಸ್ ಅಲ್ಲಿ ಆರು ತಿಂಗಳಷ್ಟೇ ನಡೆಯುತ್ತದೆ. ಆಮೇಲೆ ಹೊಸದಾಗಿ ಪರೀಕ್ಷೆ. ಕಾರಿಲ್ಲದೆ ಐದೂರಿನ ಗುರುಗಳಾಗುವುದು ಹೇಗೆ? ಎಲ್ಲ ಕಡೆ ಆದರದ ಸ್ವಾಗತವೂ ಸಿಗುವುದಿಲ್ಲ. ಬವೇರಿಯಾದ ಝೋರ್ನೆಡಿಂಗ್‌ನಲ್ಲಿ ಕಾಂಗೊ ಮೂಲದ ಗುರುಗಳೊಬ್ಬರು ಕೊಲೆ ಬೆದರಿಕೆಗಳಿಂದಾಗಿ 2016ರಲ್ಲಿ ಧರ್ಮಕೇಂದ್ರವನ್ನೇ ಬಿಟ್ಟರು.

ಹಿಂದೆ ದಾರಿ ಈ ಕಡೆಗಿತ್ತು. 1878ರ ಕೊನೆಗೆ ಜೆಸುಯಿಟರು ಮಂಗಳೂರಿಗೆ ಬಂದರು, ಮರುವರ್ಷ ಸೆಮಿನರಿ ತೆರೆದರು. ಜರ್ಮನಿಯ ಫಾದರ್ ಮುಲ್ಲರ್ 1880ರಲ್ಲಿ ಕಂಕನಾಡಿಯಲ್ಲಿ ಹೋಮಿಯೋಪತಿ ಔಷಧ ಕೊಡಲು ಶುರುಮಾಡಿದರು. ಆ ಋಣ ತೀರಿಸುತ್ತಿದ್ದೇವೆ ಎಂದು ಇಲ್ಲಿಯವರು ಹೆಮ್ಮೆಪಟ್ಟರೆ ತಪ್ಪಿಲ್ಲ. ಆದರೆ ಏಳೆಂಟು ಮಕ್ಕಳಲ್ಲಿ ಒಬ್ಬನನ್ನು ಸೆಮಿನರಿಗೆ, ಒಬ್ಬಳನ್ನು ಕಾನ್ವೆಂಟಿಗೆ ಕಳಿಸುತ್ತಿದ್ದ ಕಾಲ ಕರಾವಳಿಯಲ್ಲೂ ಮುಗಿದಿದೆ. ಈಗ ಮನೆಗೆ ಒಬ್ಬನೇ ಮಗ. ಅವನೂ ಜರ್ಮನಿಗೆ ಹೊರಟನೆಂದರೆ ಅದು ನರ್ಸಿಂಗ್ ಇಲ್ಲವೇ ಎಂಜಿನಿಯರಿಂಗ್ ಕೆಲಸದ ವೀಸಾದ ಮೇಲೆ.