ವಿದ್ಯುತ್ ಸ್ಕೂಟರ್: ಹಾಲಿನ ಕ್ಯಾನ್ ಇಟ್ಟು ಓಡಿಸಿ ನೋಡಿ, ಆಮೇಲೆ ಕೊಳ್ಳಿ



ಹಸು ಕೊಳ್ಳಲು ಹೋದಾಗ ಮಾರುವವನು ಹೇಳಿದ ಲೀಟರಿನ ಲೆಕ್ಕವನ್ನು ನಂಬಿ ನೀವು ಹಣ ಎಣಿಸುವುದಿಲ್ಲ. ಹಲ್ಲು ನೋಡುತ್ತೀರಿ, ಕೆಚ್ಚಲು ಮುಟ್ಟುತ್ತೀರಿ, ನಾಲ್ಕು ಮೊಲೆಗಳಲ್ಲೂ ಹಾಲು ಬರುವುದೇ ಎಂದು ಪರೀಕ್ಷಿಸುತ್ತೀರಿ. ಒಂದು ಹೊತ್ತು ಕರೆಯದೆ ಬಿಟ್ಟು, ಕೆಚ್ಚಲು ತುಂಬಿಸಿ ತೋರಿಸುವವರೂ ಉಂಟು. ಇದನ್ನು ಬಲ್ಲವರು ಮೂರು ಹೊತ್ತು ತಾವೇ ಎದುರಿಗೆ ನಿಂತು ಕರೆಸಿ, ಅಳೆದ ಮೇಲೆಯೇ ವ್ಯಾಪಾರ ಕುದುರಿಸುತ್ತಾರೆ. ಬ್ಯಾಟರಿಯಿಂದ ಓಡುವ ಸ್ಕೂಟರ್ ಕೊಳ್ಳುವಾಗಲೂ ಇದೇ ಎಚ್ಚರ ಬೇಕು.

ಒಳ್ಳೆಯ ವಿದ್ಯುತ್ ಸ್ಕೂಟರಿನ ಬೆಲೆ ಹೆಚ್ಚುಕಡಿಮೆ ಒಂದು ಕರಾವಿನ ಮಿಶ್ರತಳಿ ಹಸುವಿನ ಬೆಲೆಗೆ ಸಮ. ಅದರ ಕಂತು ಹಾಲಿನ ಬಟವಾಡೆಯಿಂದಲೇ ಹೋಗಬೇಕು. ಗಾಡಿ ದಾರಿಯಲ್ಲಿ ನಿಂತರೆ ಕಂತಿನ ಜೊತೆಗೆ ಆ ಹೊತ್ತಿನ ಹಾಲೂ ಹೋಯಿತು. ಕರೆದ ಹಾಲು ಎರಡು ಮೂರು ಗಂಟೆಯೊಳಗೆ ತಂಪಾಗದಿದ್ದರೆ ಹುಳಿಯಾಗತೊಡಗುವುದು ನಿಮಗೆ ತಿಳಿದದ್ದೇ.

ಮೊದಲು ಕಾಗದದ ಮೇಲೆ ಲೆಕ್ಕ

ದಿನಕ್ಕೆ ಎಷ್ಟು ಕಿಲೋಮೀಟರ್ ಓಡುತ್ತೀರಿ ಎಂಬುದನ್ನು ಮೊದಲು ಬರೆದುಕೊಳ್ಳಿರಿ. ಸಂಘ 4 ಕಿ.ಮೀ. ದೂರವಿದ್ದರೆ ಬೆಳಿಗ್ಗೆ ಸಂಜೆ ಹೋಗಿಬರಲು 16 ಕಿ.ಮೀ. ಮೇವು, ಹಿಂಡಿ, ಸಂತೆ ಎಂದು ಇನ್ನು 4 ಕಿ.ಮೀ. ಸೇರಿಸಿ 20 ಎನ್ನೋಣ. ತಿಂಗಳಿಗೆ 600 ಕಿ.ಮೀ. ಆಯಿತು. ಲೀಟರಿಗೆ 50 ಕಿ.ಮೀ. ಕೊಡುವ ಮೊಪೆಡ್ಡಿಗೆ 12 ಲೀಟರ್ ಪೆಟ್ರೋಲ್ ಬೇಕು. ಲೀಟರಿಗೆ 100 ರೂ. ಎಂದು ಹಿಡಿದರೆ 1,200 ರೂ. ವಿದ್ಯುತ್ ಸ್ಕೂಟರ್ ಹೊರೆಯೊಂದಿಗೆ ಯೂನಿಟ್ಟಿಗೆ 30 ಕಿ.ಮೀ. ಓಡಿದರೂ 20 ಯೂನಿಟ್ ಸಾಕು. ಯೂನಿಟ್ಟಿಗೆ 7 ರೂ.ನಂತೆ 140 ರೂ. ಅಂದರೆ ತಿಂಗಳಿಗೆ 1,060 ರೂ., ವರ್ಷಕ್ಕೆ ಸುಮಾರು 12,700 ರೂ. ಉಳಿತಾಯ. ಮೊಪೆಡ್ಡಿಗಿಂತ 40,000 ರೂ. ಹೆಚ್ಚು ಕೊಟ್ಟಿದ್ದರೆ ಅದು ಮೂರು ವರ್ಷ ದಾಟುತ್ತಲೇ ವಾಪಸು ಬರುತ್ತದೆ.

ಸಂಘ ಹತ್ತಿರವಿದ್ದು ದಿನಕ್ಕೆ 8 ಕಿ.ಮೀ. ಮಾತ್ರ ಓಡುವವರಿಗೆ ಇದೇ ಲೆಕ್ಕದಲ್ಲಿ ವರ್ಷಕ್ಕೆ ಉಳಿಯುವುದು ಸುಮಾರು 5,100 ರೂ. ಹೆಚ್ಚು ಕೊಟ್ಟ ಹಣ ಹಿಂತಿರುಗಲು ಎಂಟು ವರ್ಷ ಬೇಕು. ಸಾಲದ ಬಡ್ಡಿ ಇದಕ್ಕೆ ಸೇರಿಲ್ಲ. ಅಂಥವರು ಇರುವ ಗಾಡಿಯನ್ನೇ ರಿಪೇರಿ ಮಾಡಿಸಿಕೊಂಡು, ಆ ಹಣವನ್ನು ಒಂದು ಕಡಸಿನ ಮೇಲೆ ಹಾಕುವುದು ಲೇಸು.

ಬ್ಯಾಟರಿಯೇ ಕೆಚ್ಚಲು

ಸ್ಕೂಟರಿನ ಬೆಲೆಯಲ್ಲಿ ದೊಡ್ಡ ಪಾಲು ಬ್ಯಾಟರಿಯದು. ಅದರ ಸಾಮರ್ಥ್ಯವನ್ನು ಕಿಲೋವ್ಯಾಟ್-ಅವರ್ ಎಂದು ಬರೆದಿರುತ್ತಾರೆ. ಇದು ನಿಮ್ಮ ಮನೆಯ ಮೀಟರಿನ ಒಂದು ಯೂನಿಟ್ಟೇ ಹೊರತು ಬೇರೇನಲ್ಲ. 3 ಕಿಲೋವ್ಯಾಟ್-ಅವರ್ ಬ್ಯಾಟರಿ ಎಂದರೆ ಮೂರು ಯೂನಿಟ್ ಹಿಡಿಯುವ ಪಾತ್ರೆ. ತುಂಬಿಸುವಾಗ ಸ್ವಲ್ಪ ಸೋರಿಕೆ ಇರುವುದರಿಂದ ಮೀಟರಿನಲ್ಲಿ ಮೂರೂವರೆಯಷ್ಟು ಓಡಬಹುದು.

ಸೀಸ-ಆಮ್ಲದ ಬ್ಯಾಟರಿ ಅಗ್ಗ. ಆದರೆ ತೂಕ ಹೆಚ್ಚು, ಆಯುಸ್ಸು ಕಡಿಮೆ. ದಿನಕ್ಕೆರಡು ಸಲ ಹೊರೆ ಹೊರುವ ಗಾಡಿಗೆ ಲಿಥಿಯಂ ಬ್ಯಾಟರಿಯೇ ಸೂಕ್ತ. 2022ರ ಬೇಸಿಗೆಯಲ್ಲಿ ದೇಶದ ಹಲವೆಡೆ ವಿದ್ಯುತ್ ಸ್ಕೂಟರುಗಳಿಗೆ ಬೆಂಕಿ ಹತ್ತಿಕೊಂಡ ಮೇಲೆ ಕೇಂದ್ರ ಸರ್ಕಾರ ಎ.ಐ.ಎಸ್.-156 ಎಂಬ ಸುರಕ್ಷತಾ ನಿಯಮವನ್ನು ಬಿಗಿಗೊಳಿಸಿತು. ಅದು 2022ರ ಡಿಸೆಂಬರ್ ಮತ್ತು 2023ರ ಮಾರ್ಚ್‌ನಲ್ಲಿ ಎರಡು ಹಂತಗಳಲ್ಲಿ ಜಾರಿಗೆ ಬಂತು. ಕೊಳ್ಳುವ ಗಾಡಿ ಈ ನಿಯಮಕ್ಕೆ ಒಳಪಟ್ಟಿದೆಯೇ ಎಂದು ಕೇಳಿರಿ. ಬ್ಯಾಟರಿಗೆ ಎಷ್ಟು ವರ್ಷ, ಎಷ್ಟು ಕಿ.ಮೀ. ಗ್ಯಾರಂಟಿ, ಆಮೇಲೆ ಹೊಸದು ಹಾಕಿಸಲು ಎಷ್ಟು ಖರ್ಚು ಎಂಬುದನ್ನು ಬರವಣಿಗೆಯಲ್ಲಿ ಪಡೆಯಿರಿ.

ಓಡಿಸಿ ನೋಡುವ ಕ್ರಮ

ಕರಪತ್ರದಲ್ಲಿ ಅಚ್ಚಾದ ಮೈಲೇಜು ಪರೀಕ್ಷಾಗಾರದಲ್ಲಿ ರೋಲರುಗಳ ಮೇಲೆ ಓಡಿಸಿ ಅಳೆದದ್ದು. ನಿಮ್ಮೂರಿನ ಏರು, ಹಳ್ಳ, ಕೆಸರು ಅದರಲ್ಲಿಲ್ಲ. ಅಂಗಡಿಯ ಮುಂದಿನ ಡಾಂಬರು ರಸ್ತೆಯಲ್ಲಿ ಒಂದು ಸುತ್ತು ಹಾಕಿದರೆ ಏನೂ ತಿಳಿಯುವುದಿಲ್ಲ. ಮಾರಾಟಗಾರರಿಗೆ ಮೊದಲೇ ತಿಳಿಸಿ, ಹೀಗೆ ಪರೀಕ್ಷಿಸಿರಿ.

1. ಹೊರೆ ಇಟ್ಟು ಓಡಿಸಿರಿ. ನೀವು ಬಳಸುವ ಕ್ಯಾನನ್ನೇ ನೀರು ತುಂಬಿಸಿ ಇಡಿರಿ. 40 ಲೀಟರಿನ ತುಂಬಿದ ಕ್ಯಾನ್ ಸುಮಾರು 50 ಕೆ.ಜಿ. ತೂಗುತ್ತದೆ. ಪಶು ಆಹಾರದ ಒಂದು ಮೂಟೆಯೂ ಅಷ್ಟೇ. ಗಾಡಿ ಎಷ್ಟು ತೂಕ ಹೊರಬಹುದೆಂದು ಕೈಪಿಡಿಯಲ್ಲಿ ನೋಡಿ, ಅದರಿಂದ ನಿಮ್ಮ ತೂಕ ಕಳೆಯಿರಿ. ಉಳಿದಷ್ಟೇ ಹೊರೆ.

2. ಕ್ಯಾನ್ ಇಟ್ಟಾಗ ಹ್ಯಾಂಡಲ್ ಎರಡೂ ಕಡೆ ಪೂರ್ತಿ ತಿರುಗುತ್ತದೆಯೇ, ಮಂಡಿಗೆ ತಾಗುತ್ತದೆಯೇ, ಕಾಲು ಎರಡೂ ನೆಲಕ್ಕೆ ಎಟಕುತ್ತವೆಯೇ ನೋಡಿರಿ. ಮನೆಯಲ್ಲಿ ಹಾಲು ಒಯ್ಯುವವರು ಹೆಣ್ಣುಮಕ್ಕಳಾದರೆ ಅವರೇ ಓಡಿಸಿ ನೋಡತಕ್ಕದ್ದು.

3. ಏರಿನ ನಡುವೆ ಗಾಡಿ ನಿಲ್ಲಿಸಿ, ಮತ್ತೆ ಹೊರಡಿಸಿರಿ. ಹಿಂದಕ್ಕೆ ಜಾರಿದರೆ ಅಥವಾ ಏದುಸಿರು ಬಿಟ್ಟಂತೆ ಹತ್ತಿದರೆ ನಿಮ್ಮ ಕೆಲಸಕ್ಕೆ ಅದು ಆಗದು.

4. ಇಳಿಜಾರಿನಲ್ಲಿ ಹೊರೆಯೊಂದಿಗೆ ಬ್ರೇಕ್ ಹಿಡಿಯಿರಿ. ಕ್ಯಾನ್ ಮುಂದಕ್ಕೆ ಜರುಗಬಾರದು.

5. ಸ್ವಿಚ್ ಆರಿಸಿ ಐವತ್ತು ಹೆಜ್ಜೆ ತಳ್ಳಿರಿ. ಚಾರ್ಜು ಮುಗಿದ ದಿನ ಈ ಅನುಭವ ಬೇಕಾಗುತ್ತದೆ.

6. ಹೊರಡುವಾಗ ಮೀಟರಿನಲ್ಲಿ ಬ್ಯಾಟರಿ ಶೇಕಡಾ ಎಷ್ಟು, ಬಂದಾಗ ಎಷ್ಟು ಎಂದು ಬರೆದುಕೊಳ್ಳಿರಿ. 10 ಕಿ.ಮೀ.ಗೆ ಶೇ. 14 ಇಳಿದರೆ ಪೂರ್ತಿ ಬ್ಯಾಟರಿಗೆ ಸುಮಾರು 70 ಕಿ.ಮೀ. ಶೇ. 20ರಷ್ಟು ಕೈಕಾವಲಿಗೆ ಬಿಟ್ಟರೆ ನಂಬಬಹುದಾದದ್ದು 55 ಕಿ.ಮೀ. ವರ್ಷಗಳು ಕಳೆದಂತೆ ಇದು ಇನ್ನೂ ಇಳಿಯುತ್ತದೆ. ಆದ್ದರಿಂದ ನಿಮ್ಮ ದಿನದ ಓಡಾಟದ ಎರಡರಷ್ಟಾದರೂ ಇರಲಿ. ಅದಕ್ಕಿಂತ ಬಹಳ ಹೆಚ್ಚಿನ ಬ್ಯಾಟರಿಗೆ ಹಣ ಸುರಿಯುವ ಅಗತ್ಯವಿಲ್ಲ.

ಈ ಗಾಡಿಗೆ ಇಂಜಿನ್ ಸದ್ದಿಲ್ಲ. ಸ್ವಿಚ್ ಹಾಕಿರುವುದೇ ತಿಳಿಯುವುದಿಲ್ಲ. ಮಗುವೊಂದು ಎಕ್ಸಲೇಟರ್ ತಿರುವಿದರೆ ಗಾಡಿ ಒಮ್ಮೆಲೇ ಮುಂದೆ ನುಗ್ಗುತ್ತದೆ. ಕ್ಯಾನ್ ಇಳಿಸುವ ಮೊದಲು ಕೀಲಿ ತೆಗೆಯುವುದನ್ನು ರೂಢಿ ಮಾಡಿಕೊಳ್ಳಿರಿ. ಹಿಂದಿನಿಂದ ಬರುವ ಗಾಡಿ ದನಗಳಿಗೂ ಕೇಳಿಸದು, ಹಾರ್ನ್ ಮಾಡಿರಿ.

ಚಾರ್ಜು ಎಲ್ಲಿ ಮಾಡುವಿರಿ?

ಕೊಟ್ಟಿಗೆಯಲ್ಲಿ ಮಾಡಕೂಡದು. ಒಣಹುಲ್ಲಿನ ಬಣವೆ, ಹಿಂಡಿ ಚೀಲಗಳ ಪಕ್ಕದಲ್ಲಿಯೂ ಬೇಡ. ಬೆಂಕಿ ತಗುಲಿದರೆ ಕಟ್ಟಿದ ದನ ಓಡಲಾರದು. ಅಲ್ಲದೆ ದನಗಳು ವಿದ್ಯುತ್ ಆಘಾತಕ್ಕೆ ಮನುಷ್ಯರಿಗಿಂತ ಬೇಗ ಬಲಿಯಾಗುತ್ತವೆ. ಒದ್ದೆ ನೆಲದ ಕೊಟ್ಟಿಗೆಯಲ್ಲಿ ಸಣ್ಣ ಸೋರಿಕೆಯೂ ಅಪಾಯ. ಮನೆಯ ಗಾಳಿಯಾಡುವ ಜಗಲಿಯಲ್ಲಿ, ಅರ್ಥಿಂಗ್ ಇರುವ ಸಾಕೆಟ್ಟಿನಲ್ಲಿ, ಗಾಡಿಯ ಜೊತೆ ಬಂದ ಚಾರ್ಜರಿನಿಂದಲೇ ಚಾರ್ಜು ಮಾಡಿರಿ. ಓಡಿ ಬಿಸಿಯಾದ ಬ್ಯಾಟರಿ ತಣಿಯಲು ಸ್ವಲ್ಪ ಹೊತ್ತು ಬಿಡಿರಿ.

ತೋಟದ ಮನೆಯವರು ತಮ್ಮಲ್ಲಿ ಯಾವ ಹೊತ್ತಿನಲ್ಲಿ ಎಷ್ಟು ಗಂಟೆ ಕರೆಂಟು ಇರುತ್ತದೆ ಎಂಬುದನ್ನು ಒಂದು ವಾರ ಗುರುತು ಹಾಕಿಕೊಂಡು ಆಮೇಲೆ ತೀರ್ಮಾನಿಸಿರಿ. ಬ್ಯಾಟರಿ ತುಂಬಲು ಸಾಮಾನ್ಯವಾಗಿ ನಾಲ್ಕರಿಂದ ಆರು ಗಂಟೆ ಬೇಕು. ಪಂಪ್‌ಸೆಟ್ಟಿನ ಲೈನು ಬೇಸಾಯಕ್ಕೆ ಕೊಟ್ಟದ್ದು, ಅದರಿಂದ ಚಾರ್ಜು ಮಾಡುವಂತಿಲ್ಲ.

ಕಾಗದ ಪತ್ರ

"ಲೈಸೆನ್ಸ್ ಬೇಡ, ನೋಂದಣಿ ಬೇಡ" ಎಂದು ಮಾರುವ ಗಾಡಿಗಳ ವಿಷಯದಲ್ಲಿ ಎಚ್ಚರ. ಈ ವಿನಾಯಿತಿ ಇರುವುದು ಮೋಟಾರಿನ ಶಕ್ತಿ 250 ವ್ಯಾಟಿಗಿಂತ ಕಡಿಮೆ, ವೇಗ ಗಂಟೆಗೆ 25 ಕಿ.ಮೀ.ಗಿಂತ ಕಡಿಮೆ ಇರುವ, ಪರೀಕ್ಷಾ ಸಂಸ್ಥೆಯ ಅನುಮೋದನೆ ಪಡೆದ ಹಗುರ ಗಾಡಿಗಳಿಗೆ ಮಾತ್ರ. ಅಷ್ಟು ಶಕ್ತಿಯ ಮೋಟಾರು ತುಂಬಿದ ಕ್ಯಾನ್ ಹೊತ್ತು ಏರು ಹತ್ತಲು ತಿಣುಕುತ್ತದೆ. ಅದಕ್ಕಿಂತ ವೇಗವಾಗಿ ಓಡುವ ಗಾಡಿಗೆ ನೋಂದಣಿ, ವಿಮೆ, ಲೈಸೆನ್ಸ್, ಹೆಲ್ಮೆಟ್ ಎಲ್ಲವೂ ಬೇಕು. ಇಲ್ಲದೆ ಓಡಿಸಿ ಅಪಘಾತವಾದರೆ ಪರಿಹಾರದ ಹೊರೆ ನಿಮ್ಮ ತಲೆಯ ಮೇಲೆಯೇ.

ಸಹಾಯಧನದ ಮಾತನ್ನೂ ಪರಿಶೀಲಿಸಿರಿ. ಕೇಂದ್ರದ ಫೇಮ್-2 ಯೋಜನೆ 2024ರ ಮಾರ್ಚ್ 31ಕ್ಕೆ ಮುಗಿಯಿತು. ಹಳೆಯ ಕರಪತ್ರದ ಬೆಲೆಗಳನ್ನು ನಂಬದೆ, ಎಲ್ಲ ಖರ್ಚು ಸೇರಿ ಗಾಡಿ ಕೈಗೆ ಬರುವ ಬೆಲೆಯನ್ನು ಇಂದಿನ ತಾರೀಖು ಹಾಕಿಸಿ ಬರೆಸಿಕೊಳ್ಳಿರಿ. ಸರ್ವಿಸ್ ಮಾಡುವ ಅಂಗಡಿ ನಿಮ್ಮ ತಾಲ್ಲೂಕಿನಲ್ಲಿಯೇ ಇದೆಯೇ ಎಂದು ಹೋಗಿ ನೋಡಿರಿ. ನಿಮ್ಮ ಸಂಘಕ್ಕೆ ಅದೇ ಗಾಡಿಯಲ್ಲಿ ಹಾಲು ತರುವವರಿದ್ದರೆ ಒಂದು ಮಳೆಗಾಲ ಕಳೆದ ಮೇಲೆ ಅದು ಹೇಗಿದೆ ಎಂದು ವಿಚಾರಿಸಿರಿ.

ಹಳೆಯ ಗಾಡಿ ಕೊಳ್ಳುವವರು ಮೇಲಿನ ಆರನೆಯ ಪರೀಕ್ಷೆಯನ್ನು ತಪ್ಪದೆ ಮಾಡತಕ್ಕದ್ದು. ಬ್ಯಾಟರಿಯ ಗ್ಯಾರಂಟಿ ನಿಮ್ಮ ಹೆಸರಿಗೆ ವರ್ಗವಾಗುವುದೇ ಎಂದೂ ಕೇಳತಕ್ಕದ್ದು. ಬಣ್ಣ ಹೊಳೆಯುತ್ತಿದ್ದು ಬ್ಯಾಟರಿ ಸೋತಿದ್ದರೆ, ಅದು ಮೈ ತುಂಬಿಕೊಂಡ ಬತ್ತಿದ ಹಸು.

ನಿಮ್ಮ ಹೊರೆ, ನಿಮ್ಮ ದಾರಿ, ನಿಮ್ಮ ಲೆಕ್ಕ. ಈ ಮೂರರಲ್ಲೂ ಗಾಡಿ ಗೆದ್ದರೆ ಕೊಳ್ಳಿರಿ. ಒಂದರಲ್ಲಿ ಸೋತರೂ ಮುಂಗಡ ಕೊಡದೆ ಮನೆಗೆ ಬನ್ನಿರಿ.