ಶಿಕ್ಷಾವಿಚಾರವೆಂಬ ವಿದ್ಯೆ

ಹತ್ತನೆಯ ತರಗತಿಯನ್ನು ಮುಗಿಸಿ ಹೊರಡುವ ಬಾಲಿಕೆಯರನ್ನು ಮುಂದೇನು ಓದುವಿರೆಂದು ಕೇಳಿದರೆ ವೈದ್ಯ, ಇಂಜಿನಿಯರಿಂಗ್, ಕಂಪ್ಯೂಟರ್ ಎಂಬ ಉತ್ತರಗಳೇ ಹೆಚ್ಚಾಗಿ ಬರುವುವು. ನ್ಯಾಯಶಾಸ್ತ್ರವೆನ್ನುವವಳು ಅಪರೂಪ, ಅಪರಾಧಗಳ ಕಾನೂನನ್ನೇ ವ್ಯಾಸಂಗಮಾಡಿ ಅದನ್ನೇ ಬೋಧಿಸಬೇಕೆನ್ನುವವಳು ಇನ್ನೂ ಅಪರೂಪ. ಒಬ್ಬಳು ಹಾಗೆಂದಳಾದರೆ, "ಕೊಲೆ ಸುಲಿಗೆಗಳ ಗೊಡವೆ ನಮ್ಮ ಹುಡುಗಿಗೆ ಏತಕ್ಕೆ?" ಎಂದು ತಾಯಿತಂದೆಗಳು ಹಿಂಜರಿಯುವರು. ಈ ಹಿಂಜರಿಕೆಯು ಪ್ರೀತಿಯಿಂದ ಹುಟ್ಟಿದುದೆಂದು ನಾವು ಬಲ್ಲೆವು. ಆದರೂ ಆ ವಿದ್ಯೆಯ ಸ್ವರೂಪವನ್ನರಿಯದೆ ಅದನ್ನು ಬೇಡವೆನ್ನುವುದು ಯುಕ್ತವಲ್ಲವಾದುದರಿಂದ, ನಮ್ಮ ಹಳೆಯ ವಿದ್ಯಾರ್ಥಿನಿಯರಿಗೂ ಪೋಷಕರಿಗೂ ಅದನ್ನು ಕೊಂಚ ವಿವರಿಸಲು ಇಲ್ಲಿ ಯತ್ನಿಸುತ್ತೇವೆ.

ನ್ಯಾಯಸ್ಥಾನದಲ್ಲಿ ಎರಡು ಪ್ರಶ್ನೆಗಳು ಏಳುವುವು. ಈತನು ಅಪರಾಧವನ್ನು ಮಾಡಿದನೆ ಎಂಬುದು ಮೊದಲನೆಯದು. ಮಾಡಿದ್ದರೆ ಈತನನ್ನು ಏನು ಮಾಡತಕ್ಕದ್ದು ಎಂಬುದು ಎರಡನೆಯದು. ಮೊದಲನೆಯದಕ್ಕೆ ಸಾಕ್ಷಿ, ಪಾಟೀಸವಾಲು, ವಕೀಲರ ವಾದ ಎಲ್ಲವೂ ಉಂಟು. ಎರಡನೆಯದಕ್ಕೆ ಪ್ರತ್ಯೇಕವಾದ ವಿಚಾರಣೆಯೇ ಬಹುಕಾಲ ನಮ್ಮ ದೇಶದಲ್ಲಿರಲಿಲ್ಲ. 1973ರ ದಂಡ ಪ್ರಕ್ರಿಯಾ ಸಂಹಿತೆಯು ಶಿಕ್ಷೆಯ ವಿಷಯದಲ್ಲಿ ಅಪರಾಧಿಯ ಮಾತನ್ನು ಬೇರೆಯಾಗಿ ಕೇಳಬೇಕೆಂದು ವಿಧಿಸಿತು. 2024ರ ಜುಲೈ 1ರಿಂದ ಜಾರಿಗೆ ಬಂದಿರುವ ಹೊಸ ಸಂಹಿತೆಯಲ್ಲಿಯೂ ಆ ನಿಯಮವು ಉಳಿದಿದೆ.

ನಿಯಮವಿದ್ದ ಮಾತ್ರಕ್ಕೆ ಅಳತೆಗೋಲು ಸಿಕ್ಕಂತಾಗಲಿಲ್ಲ. ಬೆಂಗಳೂರಿನ ಒಂದು ಮೊಕದ್ದಮೆಯನ್ನು ನೋಡಿರಿ. ಪತ್ನಿಯನ್ನು ಕೊಂದ ಅಪರಾಧಕ್ಕಾಗಿ ಸ್ವಾಮಿ ಶ್ರದ್ಧಾನಂದನೆಂಬವನಿಗೆ ಸೆಷನ್ಸ್ ನ್ಯಾಯಾಲಯವು ಮರಣದಂಡನೆಯನ್ನು ವಿಧಿಸಿತು. ಹೈಕೋರ್ಟು ಅದನ್ನು ಸ್ಥಿರಪಡಿಸಿತು. ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಅವನು ಅಪರಾಧಿಯೆಂಬುದರಲ್ಲಿ ಒಮ್ಮತರಾದರೂ ಒಬ್ಬರು ಗಲ್ಲೆಂದರು, ಮತ್ತೊಬ್ಬರು ಜೀವಾವಧಿ ಸೆರೆಯೆಂದರು. ಕಡೆಗೆ 2008ರಲ್ಲಿ ಮೂವರ ಪೀಠವು ಗಲ್ಲನ್ನು ತಪ್ಪಿಸಿ, ಬದುಕಿರುವ ತನಕ ಬಿಡುಗಡೆಯಿಲ್ಲದ ಸೆರೆಯನ್ನು ವಿಧಿಸಿತು. ಸಾಕ್ಷ್ಯವು ಅದೇ, ಕಾನೂನು ಅದೇ, ಮನುಷ್ಯನೂ ಅವನೇ. ತೀರ್ಪುಗಾರರು ಬದಲಾದಂತೆ ಶಿಕ್ಷೆಯೂ ಬದಲಾಯಿತು. ಒಂದು ಪ್ರಾಣದ ವಿಷಯದಲ್ಲಿಯೇ ಹೀಗಾದರೆ, ಚಿಕ್ಕ ಕಳವಿಗಾಗಿ ಒಬ್ಬನಿಗೆ ಆರು ತಿಂಗಳು, ಇನ್ನೊಬ್ಬನಿಗೆ ಎರಡು ವರ್ಷವಾದರೆ ಅದನ್ನು ಗಮನಿಸುವವರು ಯಾರು?

ಹುಬ್ಬಳ್ಳಿಯವರೇ ಆದ ನ್ಯಾಯಮೂರ್ತಿ ವಿ. ಎಸ್. ಮಳಿಮಠರ ಅಧ್ಯಕ್ಷತೆಯ ಸಮಿತಿಯು 2003ರಲ್ಲಿ ಕೊಟ್ಟ ವರದಿಯಲ್ಲಿ, ಶಿಕ್ಷೆಗಳಿಗೆ ಮಾರ್ಗಸೂಚಿಗಳನ್ನು ರಚಿಸಲು ಶಾಸನಬದ್ಧವಾದ ಮಂಡಲಿಯೊಂದು ಬೇಕೆಂದು ಹೇಳಿತು. ಆ ವರದಿಯ ಇತರ ಸಲಹೆಗಳ ಮೇಲೆ ತೀವ್ರವಾದ ವಾದಗಳು ನಡೆದುವು. ಈ ಸಲಹೆಯಂತೂ ಕಾಗದದಲ್ಲಿಯೇ ಉಳಿದಿದೆ.

ಇನ್ನು ಚಿಕಿತ್ಸಾರೂಪದ ನ್ಯಾಯವೆಂಬುದನ್ನು ಹೇಳಬೇಕು. ನಮ್ಮ ನುಡಿಯಲ್ಲಿ ಶಿಕ್ಷೆ, ಶಿಕ್ಷಣ, ಶಿಕ್ಷಕಿ ಎಂಬ ಮೂರೂ ಒಂದೇ ಧಾತುವಿನಿಂದ ಬಂದಿರುವುವು. ಬೆತ್ತದ ಕಾಲವನ್ನು ಕಂಡ ಪೋಷಕರು ಇದಕ್ಕೆ ನಗಬಹುದು. ಅಪರಾಧಿಯನ್ನು ಬೆದರಿಸುವುದಕ್ಕಿಂತ ಗುಣಪಡಿಸುವ ದೃಷ್ಟಿಯೇ ಮೇಲೆಂದು ನ್ಯಾಯಮೂರ್ತಿ ವಿ. ಆರ್. ಕೃಷ್ಣ ಅಯ್ಯರ್ ಅವರು 1977ರ ಘಿಯಾಸುದ್ದೀನ್ ಮೊಕದ್ದಮೆಯಲ್ಲಿ ಪ್ರತಿಪಾದಿಸಿ, ವಂಚನೆ ಮಾಡಿದ ಯುವಕನೊಬ್ಬನ ಮೂರು ವರ್ಷಗಳ ಸೆರೆಯನ್ನು ಹದಿನೆಂಟು ತಿಂಗಳಿಗೆ ಇಳಿಸಿದರು. ಅಮೆರಿಕೆಯ ಪ್ರೊಫೆಸರುಗಳಾದ ಡೇವಿಡ್ ವೆಕ್ಸ್ಲರ್, ಬ್ರೂಸ್ ವಿನಿಕ್ ಎಂಬವರು 1980ರ ದಶಕದ ಕೊನೆಯಿಂದ ಇದನ್ನು ಒಂದು ಶಾಸ್ತ್ರವಾಗಿ ಬೆಳೆಸಿದರು. ಔಷಧದ ಪರಿಣಾಮವನ್ನು ವೈದ್ಯರು ಪರೀಕ್ಷಿಸುವಂತೆ, ಕಾನೂನಿನ ಕ್ರಮಗಳೂ ನ್ಯಾಯಾಧೀಶರ ಮಾತುಗಳೂ ಮನುಷ್ಯನ ಮನಸ್ಸಿಗೆ ಹಿತವನ್ನೋ ಕೇಡನ್ನೋ ಮಾಡುವುದನ್ನು ಪರೀಕ್ಷಿಸಬೇಕೆಂಬುದು ಅವರ ಮತ.

ಇದು ಅಪರಾಧಿಯ ಮೇಲಣ ಮರುಕ ಮಾತ್ರವೆಂದು ತಿಳಿಯಬಾರದು. ಕನ್ನಡನಾಡಿನ ನ್ಯಾಯಮೂರ್ತಿ ಬಿ. ವಿ. ನಾಗರತ್ನ ಅವರು 2024ರ ಜನವರಿ 8ರಂದು ಬಿಲ್ಕಿಸ್ ಬಾನೊ ಮೊಕದ್ದಮೆಯ ತೀರ್ಪನ್ನು ಕೊಡುವಾಗ, ದಂಡನೆಯು ಸೇಡಿಗಾಗಿ ಅಲ್ಲ, ತಿದ್ದುವುದಕ್ಕಾಗಿ ಎಂಬ ಪ್ಲೇಟೋವಿನ ವಿಚಾರವನ್ನು ಸ್ಮರಿಸಿದರು. ಅದೇ ತೀರ್ಪಿನಲ್ಲಿ ನೊಂದ ಹೆಂಗಸಿನ ಹಕ್ಕನ್ನೂ ಎತ್ತಿಹಿಡಿದು, ಹನ್ನೊಂದು ಮಂದಿ ಅಪರಾಧಿಗಳಿಗೆ ದೊರೆತಿದ್ದ ಅವಧಿಪೂರ್ವ ಬಿಡುಗಡೆಯನ್ನು ರದ್ದುಮಾಡಿದರು. ಈ ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದೇ ಈ ವಿದ್ಯೆಯ ಕಷ್ಟ.

ಮೈಸೂರಿನವರಿಗೆ ಇದರ ಒಂದು ನಿದರ್ಶನವು ಹತ್ತಿರದಲ್ಲಿಯೇ ಇದೆ. ರಂಗಾಯಣದ ಕಲಾವಿದರಾದ ಹುಲುಗಪ್ಪ ಕಟ್ಟೀಮನಿಯವರು 1990ರ ದಶಕದ ಉತ್ತರಾರ್ಧದಿಂದ ಕಾರಾಗೃಹವಾಸಿಗಳಿಗೆ ನಾಟಕವನ್ನು ಕಲಿಸಿದರು. ನಮ್ಮ ಕೇಂದ್ರ ಕಾರಾಗೃಹದ ಕೈದಿಗಳು ಹೊರಗಣ ರಂಗಮಂದಿರಗಳಿಗೂ ಬಂದು ಅಭಿನಯಿಸಿದುದನ್ನು ಊರು ಮೆಚ್ಚಿಕೊಂಡಿತು. ಮೆಚ್ಚುಗೆ ಸರಿಯೆ, ಆದರೆ ಅಭಿನಯಿಸಿದವನು ಬಿಡುಗಡೆಯಾದ ತರುವಾಯ ಹೇಗೆ ಬಾಳಿದನು, ಅಭಿನಯಿಸದೆ ಇದ್ದವನು ಹೇಗೆ ಬಾಳಿದನು ಎಂದು ವರ್ಷಗಟ್ಟಲೆ ವಿಚಾರಿಸಿ, ಹೋಲಿಸಿ, ಬರೆದಿಡುವುದು ಚಪ್ಪಾಳೆಯ ಕೆಲಸವಲ್ಲ. ಅದು ವಿದ್ವಾಂಸರ ಕೆಲಸ, ಬಹಳ ತಾಳ್ಮೆಯ ಕೆಲಸ. ಹೊಸ ಸಂಹಿತೆಯು ಕೆಲವು ಸಣ್ಣ ಅಪರಾಧಗಳಿಗೆ ಸಮುದಾಯ ಸೇವೆಯೆಂಬ ಶಿಕ್ಷೆಯನ್ನು ತಂದಿದೆ. ಯಾರಿಗೆ ಯಾವ ಸೇವೆಯು ತಕ್ಕುದೆಂಬುದನ್ನು ಕಂಡುಹಿಡಿಯಲೂ ಅಂಥವರೇ ಬೇಕು.

ಹೆಂಗಸರಿಂದ ಇದು ಸಾಧ್ಯವೆ ಎನ್ನುವವರಿಗೆ ಲತಿಕಾ ಸರ್ಕಾರರ ಹೆಸರನ್ನು ಹೇಳುತ್ತೇವೆ. ನಮ್ಮ ದೇಶದಲ್ಲಿ ಸ್ತ್ರೀಯರು ವಕೀಲರಾಗಲು ಶಾಸನದ ಮೂಲಕ ಅಡ್ಡಿ ನೀಗಿದುದೇ 1923ರಲ್ಲಿ. ಆ ವರ್ಷವೇ ಹುಟ್ಟಿದ ಈಕೆ ಕೇಂಬ್ರಿಡ್ಜಿನಲ್ಲಿ ಕಾನೂನಿನ ಡಾಕ್ಟರ್ ಪದವಿಯನ್ನು ಪಡೆದು ದೆಹಲಿ ವಿಶ್ವವಿದ್ಯಾನಿಲಯದಲ್ಲಿ ಅಪರಾಧ ಕಾನೂನನ್ನು ಬೋಧಿಸಿದರು. ಮಹಾರಾಷ್ಟ್ರದ ಪೊಲೀಸು ಠಾಣೆಯೊಂದರಲ್ಲಿ ಅತ್ಯಾಚಾರಕ್ಕೆ ಗುರಿಯಾದೆನೆಂದು ದೂರಿದ ಬಡ ಆದಿವಾಸಿ ಹುಡುಗಿಯೊಬ್ಬಳ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಪೊಲೀಸರನ್ನು ಬಿಟ್ಟುಬಿಟ್ಟಾಗ, 1979ರಲ್ಲಿ ಈಕೆಯೂ ಉಪೇಂದ್ರ ಬಕ್ಷಿ, ವಸುಧಾ ಧಾಗಮ್ವಾರ್, ರಘುನಾಥ ಕೇಳ್ಕರ್ ಎಂಬವರೂ ಕೂಡಿ ಮುಖ್ಯ ನ್ಯಾಯಮೂರ್ತಿಗಳಿಗೆ ಬಹಿರಂಗ ಪತ್ರವನ್ನು ಬರೆದರು. ಅದರಿಂದೆದ್ದ ಚಳವಳಿಯ ಫಲವಾಗಿ 1983ರಲ್ಲಿ ಕಾನೂನು ತಿದ್ದುಪಡಿಯಾಯಿತು. ನಾಲ್ವರು ಅಧ್ಯಾಪಕರ ಒಂದು ಪತ್ರ!

ಮಾರ್ಗವು ದೀರ್ಘವೆಂಬುದನ್ನು ಮುಚ್ಚಿಡುವುದಿಲ್ಲ. ಪಿ.ಯು.ಸಿ. ಆದ ಮೇಲೆ ಐದು ವರ್ಷ, ಅಥವಾ ಪದವಿಯ ತರುವಾಯ ಮೂರು ವರ್ಷ ಕಾನೂನು, ಬಳಿಕ ಎಲ್‌ಎಲ್.ಎಂ.; ಅಧ್ಯಾಪನಕ್ಕೆ ನೆಟ್ ಅಥವಾ ಕೆ-ಸೆಟ್ ಪರೀಕ್ಷೆ; ಸಂಶೋಧನೆಗೆ ಇನ್ನೂ ಕೆಲವು ವರ್ಷ. ಶಾರದಾ ವಿಲಾಸ, ವಿದ್ಯಾವರ್ಧಕ, ಜೆ.ಎಸ್.ಎಸ್. ಕಾನೂನು ಕಾಲೇಜುಗಳೂ ಮಾನಸಗಂಗೋತ್ರಿಯ ಕಾನೂನು ವಿಭಾಗವೂ ಈ ಊರಿನಲ್ಲಿಯೇ ಇರುವುವು. ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆಯ ಪದವಿ ತರಗತಿಗೆ ಪ್ರವೇಶ ಪರೀಕ್ಷೆಯುಂಟು. ಮೊದಲ ಕೆಲವು ವರ್ಷಗಳು ಅತಿಥಿ ಉಪನ್ಯಾಸಕಿಯ ಅಲ್ಪ ಸಂಭಾವನೆಯಲ್ಲಿ ಕಳೆಯಬಹುದು. ಮದುವೆಯ ಮಾತು ಬಂದಾಗ ಈ ವರ್ಷಗಳೇ ಮೊದಲು ಬಲಿಯಾಗುವುದನ್ನು ನಾವು ಕಂಡಿದ್ದೇವೆ. ಪೋಷಕರು ಅವಳಿಗೆ ಆ ಅವಧಿಯನ್ನು ಕೊಡಬೇಕೆಂದು ಕೋರುತ್ತೇವೆ.

ಕಾನೂನು ಓದದವರಿಗೂ ಒಂದು ಬಾಗಿಲು ತೆರೆದಿದೆ. 2015ರ ಬಾಲನ್ಯಾಯ ಕಾಯಿದೆಯಂತೆ, ತಪ್ಪುಮಾಡಿದ ಮಕ್ಕಳ ವಿಚಾರಣೆಗಾಗಿ ಏರ್ಪಟ್ಟ ಮಂಡಲಿಯಲ್ಲಿ ಮ್ಯಾಜಿಸ್ಟ್ರೇಟರೊಡನೆ ಇಬ್ಬರು ಸಮಾಜಸೇವಕರು ಕುಳಿತುಕೊಳ್ಳುವರು. ಅವರಲ್ಲಿ ಒಬ್ಬರಾದರೂ ಸ್ತ್ರೀಯಾಗಿರಲೇಬೇಕು. ಮಕ್ಕಳ ಶಿಕ್ಷಣದಲ್ಲಿಯೋ ಆರೋಗ್ಯ, ಕ್ಷೇಮಾಭಿವೃದ್ಧಿಗಳಲ್ಲಿಯೋ ಏಳು ವರ್ಷ ಸಕ್ರಿಯವಾಗಿ ದುಡಿದವರನ್ನು ಈ ಸ್ಥಾನಕ್ಕೆ ಪರಿಗಣಿಸಬಹುದು. ಉಪಾಧ್ಯಾಯಿನಿಯರಾಗಿರುವ ನಮ್ಮ ಹಳೆಯ ವಿದ್ಯಾರ್ಥಿನಿಯರು ಇದನ್ನು ಗಮನಿಸಬೇಕು.